ಸೀಸದ ಆರಂಭಿಕ ಶಿಲ್ಕು

(ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ)

ಭೂಮಿಯ ವಯಸ್ಸು 455 ಕೋಟಿ ವರ್ಷ. ಹೈಸ್ಕೂಲಿನಿಂದ ಈ ಸಂಖ್ಯೆಯನ್ನು ಕೇಳುತ್ತಲೇ ಬಂದಿದ್ದೇವೆ. ಒಬ್ಬರು 450 ಎನ್ನುತ್ತಾರೆ, ಇನ್ನೊಬ್ಬರು 460 ಎನ್ನುತ್ತಾರೆ. ಯಾರು ಎಣಿಸಿದರು, ಹೇಗೆ ಎಣಿಸಿದರು ಎಂದು ಯಾರೂ ಕೇಳುವುದಿಲ್ಲ. ಈ ವರ್ಷ ವಿಜ್ಞಾನ ದಿನಕ್ಕೆ ಸೈನ್ಸ್ ವಿಭಾಗದವರು ಕಾರಿಡಾರಿನಲ್ಲಿ ಹಾಕಿದ್ದ ಒಂದು ಚಾರ್ಟಿನ ಕೆಳಗೆ ಸಣ್ಣ ಅಕ್ಷರದಲ್ಲಿ ಹೀಗೆ ಬರೆದಿತ್ತು: ಕ್ಲೇರ್ ಪ್ಯಾಟರ್ಸನ್, 1956, 455 ಕೋಟಿ ವರ್ಷ, 7 ಕೋಟಿ ಹೆಚ್ಚು ಅಥವಾ ಕಡಿಮೆ. ಅಕೌಂಟೆನ್ಸಿ ಓದುವವರ ಕಣ್ಣು ಇಂಥ ಕಡೆ ನಿಂತುಬಿಡುತ್ತದೆ. ಡೈನೋಸಾರ್‌ಗಳು ಅಳಿದು ಆರೂವರೆ ಕೋಟಿ ವರ್ಷ ಆಯಿತು. ಅಂದರೆ ಇವರ ಲೆಕ್ಕದ ಹೆಚ್ಚುಕಡಿಮೆ ಅದಕ್ಕಿಂತ ದೊಡ್ಡದು! ನಮ್ಮ ಕ್ಲಾಸಿನಲ್ಲಿ ಟ್ರಯಲ್ ಬ್ಯಾಲೆನ್ಸ್ ಒಂದು ರೂಪಾಯಿ ತಾಳೆಯಾಗದಿದ್ದರೆ ಮೇಡಂ ಮುಂದಿನ ಲೆಕ್ಕಕ್ಕೆ ಬಿಡುವುದಿಲ್ಲ.

ಫಿಸಿಕ್ಸ್ ಸರ್ ಅವರನ್ನು ಕೇಳಿದೆ. ಅವರು ಸ್ಟಾಫ್ ರೂಮಿನ ಬಾಗಿಲಲ್ಲೇ ನಿಂತು ಸ್ವಲ್ಪ ಹೊತ್ತು ವಿವರಿಸಿದರು, ಮರುದಿನ ಓದಲು ಕೆಲವು ಪುಟಗಳನ್ನು ತಂದುಕೊಟ್ಟರು. ಓದುತ್ತಾ ಹೋದಂತೆ ನನಗೆ ಭೂಮಿಯ ವಯಸ್ಸು ಸಣ್ಣ ವಿಷಯ ಅನ್ನಿಸತೊಡಗಿತು. ಈ ಮನುಷ್ಯ ಜೀವನಪೂರ್ತಿ ಬೆನ್ನು ಹತ್ತಿದ್ದು ಒಂದೇ ಲೋಹವನ್ನು. ಅದು ಸೀಸ.

ಸೀಸ ಎಂಬ ಪದಕ್ಕೆ ನಾನು ನಿಘಂಟು ನೋಡಬೇಕಾಗಲಿಲ್ಲ. ಮನೆಯ ಉರ್ದುವಿನಲ್ಲಿ ಅದು ಸೀಸಾ, ಕಾಲೇಜಿನ ಕನ್ನಡದಲ್ಲಿ ಸೀಸ. ಎರಡು ಭಾಷೆಯಲ್ಲೂ ಒಂದೇ ಆದ ಇಂಥ ಪದಗಳು ಸಿಕ್ಕಾಗ ನಮ್ಮಂಥವರಿಗೆ ಖುಷಿಯಾಗುತ್ತದೆ. ಆದರೆ ಈ ಪದ ಸ್ವಲ್ಪ ಮೋಸದ್ದು. ಪೆನ್ಸಿಲನ್ನು ಸೀಸದ ಕಡ್ಡಿ ಎನ್ನುತ್ತೇವೆ, ಅದರಲ್ಲಿ ಸೀಸವೇ ಇಲ್ಲ, ಇರುವುದು ಗ್ರಾಫೈಟ್. ನಿಜವಾಗಿ ಸೀಸ ಇದ್ದ ಕಡೆ ಆ ಹೆಸರನ್ನೇ ಹೇಳುತ್ತಿರಲಿಲ್ಲ. ಅದು ಮುಂದೆ ಬರುತ್ತದೆ.

ಪ್ಯಾಟರ್ಸನ್ ಹುಟ್ಟಿದ್ದು 1922ರಲ್ಲಿ, ಅಮೆರಿಕದ ಅಯೋವಾ ರಾಜ್ಯದ ಮಿಚೆಲ್‌ವಿಲ್ ಎಂಬ ಸಣ್ಣ ಊರಿನಲ್ಲಿ. ತಂದೆ ಅಂಚೆ ಇಲಾಖೆಯಲ್ಲಿದ್ದರು. ತಾಯಿ ಕೊಡಿಸಿದ ಕೆಮಿಸ್ಟ್ರಿ ಸೆಟ್ಟಿನಿಂದ ಹುಡುಗನಿಗೆ ರಸಾಯನಶಾಸ್ತ್ರದ ಹುಚ್ಚು ಹಿಡಿಯಿತು. ಎರಡನೇ ಮಹಾಯುದ್ಧದ ಕಾಲದಲ್ಲಿ ಅವರು, ಅವರ ಪತ್ನಿ ಇಬ್ಬರೂ ಅಣುಬಾಂಬಿನ ಯೋಜನೆಯಲ್ಲಿ ಕೆಲಸ ಮಾಡಿದರು. ಮಾಸ್ ಸ್ಪೆಕ್ಟ್ರೋಮೀಟರ್ ಎಂಬ ಯಂತ್ರವನ್ನು ಅವರು ಕೈವಶ ಮಾಡಿಕೊಂಡದ್ದು ಅಲ್ಲೇ. ಒಂದೇ ಧಾತುವಿನ ಪರಮಾಣುಗಳಲ್ಲಿ ತೂಕ ಬೇರೆ ಬೇರೆ ಇರುವುದುಂಟು, ಅವುಗಳಿಗೆ ಐಸೋಟೋಪ್ ಅಥವಾ ಸಮಸ್ಥಾನಿ ಎನ್ನುತ್ತಾರೆ. ಈ ಯಂತ್ರ ಅವುಗಳನ್ನು ತೂಕದ ಪ್ರಕಾರ ಬೇರ್ಪಡಿಸಿ ಎಣಿಸಿಕೊಡುತ್ತದೆ. ಕಲ್ಲು, ಮಣ್ಣು, ನೀರಿನಲ್ಲಿ ಈ ಸಮಸ್ಥಾನಿಗಳನ್ನು ಎಣಿಸಿ ಭೂಮಿಯ ಇತಿಹಾಸ ಹೇಳುವ ವಿಜ್ಞಾನಿಗಳೇ ಐಸೋಟೋಪ್ ಭೂರಸಾಯನ ತಜ್ಞರು.

ಯುದ್ಧ ಮುಗಿದ ಮೇಲೆ ಷಿಕಾಗೋ ವಿಶ್ವವಿದ್ಯಾಲಯದಲ್ಲಿ ಹ್ಯಾರಿಸನ್ ಬ್ರೌನ್ ಎಂಬ ಪ್ರೊಫೆಸರ್ ಪ್ಯಾಟರ್ಸನ್‌ಗೆ ಪಿಎಚ್‌ಡಿಗಾಗಿ ಒಂದು ಕೆಲಸ ಕೊಟ್ಟರು. ಉಲ್ಕಾಶಿಲೆಯಲ್ಲಿರುವ ಸೀಸವನ್ನು ಅಳೆದರೆ ಭೂಮಿಯ ವಯಸ್ಸು ಸಿಗುತ್ತದೆ, ಸುಲಭದ ಕೆಲಸ ಎಂದರಂತೆ.

ಆ ಲೆಕ್ಕವನ್ನು ಕಾಮರ್ಸಿನವರಿಗೆ ಅರ್ಥವಾಗುವ ಹಾಗೆ ಹೇಳುತ್ತೇನೆ. ಸೈನ್ಸಿನವರು ನಗಬೇಡಿ. ಯುರೇನಿಯಂ ತಾನಾಗಿಯೇ ನಿಧಾನವಾಗಿ ಕ್ಷಯಿಸುತ್ತಾ ಕೊನೆಗೆ ಸೀಸವಾಗುತ್ತದೆ. ಯುರೇನಿಯಂ-238 ಇರುವುದರಲ್ಲಿ ಅರ್ಧ ಕ್ಷಯಿಸಲು ಸುಮಾರು 447 ಕೋಟಿ ವರ್ಷ ಬೇಕು, ಅದು ಸೀಸ-206 ಆಗುತ್ತದೆ. ಯುರೇನಿಯಂ-235ಕ್ಕೆ ಸುಮಾರು 70 ಕೋಟಿ ವರ್ಷ ಸಾಕು, ಅದು ಸೀಸ-207 ಆಗುತ್ತದೆ. ಸೀಸ-204 ಮಾತ್ರ ಹೀಗೆ ಯಾವುದರಿಂದಲೂ ಹುಟ್ಟುವುದಿಲ್ಲ, ಸೃಷ್ಟಿಯಲ್ಲಿ ಎಷ್ಟಿತ್ತೋ ಅಷ್ಟೇ. ಈಗ ಇವನ್ನು ಬ್ಯಾಂಕಿನ ಮೂರು ಖಾತೆ ಎಂದುಕೊಳ್ಳಿ. 206 ಮತ್ತು 207ರ ಖಾತೆಗಳಿಗೆ ಗೊತ್ತಿರುವ ದರದಲ್ಲಿ ಬಡ್ಡಿ ಬಂದು ಬೀಳುತ್ತಿದೆ. 204ರ ಖಾತೆಗೆ ಏನೂ ಬರುವುದಿಲ್ಲ, ಅದನ್ನು ಅಳತೆಗೋಲಾಗಿ ಇಟ್ಟುಕೊಳ್ಳಬಹುದು. ಇವತ್ತಿನ ಅಂತಿಮ ಶಿಲ್ಕು ಕಲ್ಲಿನಲ್ಲಿ ಕಾಣುತ್ತದೆ, ಬಡ್ಡಿಯ ದರ ಗೊತ್ತು. ಹಾಗಿದ್ದರೆ ಎಷ್ಟು ವರ್ಷ ಬಡ್ಡಿ ಬಿದ್ದಿದೆ ಎಂದು ಹೇಳಬಹುದೇ? ಹೇಳಲಾಗುವುದಿಲ್ಲ. ಆರಂಭಿಕ ಶಿಲ್ಕು ಗೊತ್ತಿಲ್ಲವಲ್ಲ.

ಭೂಮಿಯ ಮೇಲಿನ ಕಲ್ಲುಗಳಲ್ಲಿ ಆ ಆರಂಭಿಕ ಶಿಲ್ಕು ಉಳಿದಿಲ್ಲ. ಭೂಮಿ ಹುಟ್ಟಿದಾಗಿನಿಂದ ಕರಗಿ, ಮಡಚಿ, ಬೆರೆತು ಹೋಗಿದೆ. ಬೆಂಗಳೂರಿನ ಲಾಲ್‌ಬಾಗಿನಲ್ಲಿ ನಾವೆಲ್ಲ ಹತ್ತಿ ಫೋಟೋ ತೆಗೆಸಿಕೊಳ್ಳುವ ಬಂಡೆಗೆ ಸುಮಾರು 300 ಕೋಟಿ ವರ್ಷ ಎನ್ನುತ್ತಾರೆ. ಅದೂ ಭೂಮಿಗಿಂತ ಎಷ್ಟೋ ಚಿಕ್ಕದು. ಹಾಗಾಗಿ ಆಕಾಶದಿಂದ ಬಿದ್ದದ್ದನ್ನೇ ಹುಡುಕಬೇಕಾಯಿತು. ಅರಿಜೋನಾದಲ್ಲಿ ಸುಮಾರು 50,000 ವರ್ಷಗಳ ಹಿಂದೆ ಕಬ್ಬಿಣದ ಉಲ್ಕೆಯೊಂದು ಬಿದ್ದು ದೊಡ್ಡ ಕುಳಿ ಮಾಡಿದೆ. ಕ್ಯಾನ್ಯನ್ ಡಯಾಬ್ಲೊ ಉಲ್ಕೆ ಎಂದು ಅದರ ಹೆಸರು. ಅದರೊಳಗೆ ಕಬ್ಬಿಣ ಮತ್ತು ಗಂಧಕ ಸೇರಿದ ಟ್ರಾಯ್ಲೈಟ್ ಎಂಬ ಖನಿಜವಿದೆ. ಅದರಲ್ಲಿ ಸೀಸ ಉಂಟು, ಯುರೇನಿಯಂ ಇಲ್ಲವೆನ್ನುವಷ್ಟು ಕಡಿಮೆ. ಬಡ್ಡಿಯೇ ಬೀಳದ ಖಾತೆ! ಸೌರಮಂಡಲ ಹುಟ್ಟಿದ ದಿನ ಇದ್ದ ಸೀಸ ಹಾಗೇ ಉಳಿದಿದೆ.

ಕೇಳುವುದಕ್ಕೆ ಸುಲಭ. ಆದರೆ ಪ್ಯಾಟರ್ಸನ್ ಅಳೆಯಲು ಕೂತಾಗ ಲೆಕ್ಕ ಕೂಡಲೇ ಇಲ್ಲ. ವಯಸ್ಸು ಗೊತ್ತಿದ್ದ ಜಿರ್ಕಾನ್ ಎಂಬ ಸಣ್ಣ ಹರಳುಗಳ ಮೇಲೆ ಮೊದಲು ಅಭ್ಯಾಸ ಮಾಡುತ್ತಿದ್ದರು. ಜತೆಗಾರ ಜಾರ್ಜ್ ಟಿಲ್ಟನ್ ಅಳೆದ ಯುರೇನಿಯಂ ಸರಿಯಾಗಿ ಬರುತ್ತಿತ್ತು, ಇವರ ಸೀಸ ಮಾತ್ರ ಇರಬೇಕಾದದ್ದಕ್ಕಿಂತ ಬಹಳ ಹೆಚ್ಚು ಬರುತ್ತಿತ್ತು. ಕಲ್ಲಿನಲ್ಲಿ ಇಲ್ಲದ ಸೀಸ ಎಲ್ಲಿಂದ ಬಂತು? ಗಾಜಿನ ಪಾತ್ರೆಯಲ್ಲಿ ಸೀಸ, ನಲ್ಲಿಯ ನೀರಿನಲ್ಲಿ ಸೀಸ, ಆಸಿಡ್ಡಿನಲ್ಲಿ ಸೀಸ, ಗೋಡೆಯ ಬಣ್ಣದಲ್ಲಿ, ಧೂಳಿನಲ್ಲಿ, ತಮ್ಮದೇ ಕೂದಲು ಮತ್ತು ಬಟ್ಟೆಯಲ್ಲಿ ಸೀಸ.

ನಮ್ಮ ನಾನಿ ತಕ್ಕಡಿಯಲ್ಲಿ ಏನಾದರೂ ತೂಗಿಸುವ ಮೊದಲು ಅಂಗಡಿಯವನಿಗೆ "ಪಾಸಂಗ್ ನೋಡಪ್ಪ" ಎನ್ನುತ್ತಾರೆ. ಖಾಲಿ ತಟ್ಟೆಗಳು ಸಮ ನಿಲ್ಲುತ್ತವೆಯೋ ಇಲ್ಲವೋ ಮೊದಲು ತೋರಿಸು ಎಂದರ್ಥ. ಪ್ಯಾಟರ್ಸನ್ ಮಾಡಿದ್ದೂ ಅದನ್ನೇ. ಕಲ್ಲನ್ನು ಹಾಕದೆ ಬರೀ ಖಾಲಿ ಪ್ರಯೋಗವನ್ನು ಪೂರ್ತಿ ನಡೆಸಿ, ಎಷ್ಟು ಸೀಸ ಬರುತ್ತದೆ ನೋಡುವುದು. ಬಂದದ್ದು ಕಲ್ಲಿನದಲ್ಲ, ನಮ್ಮ ಕೊಳೆ. ಅದನ್ನು ಇಳಿಸುತ್ತಾ ಹೋಗುವುದು. ಇದರಲ್ಲಿ ಅವರು ವರ್ಷಗಳನ್ನೇ ಕಳೆದರು. 1952ರಲ್ಲಿ ಕ್ಯಾಲಿಫೋರ್ನಿಯಾದ ಕ್ಯಾಲ್ಟೆಕ್ ಸಂಸ್ಥೆಗೆ ಹೋದ ಮೇಲೆ ತಾವೇ ಒಂದು ಪ್ರಯೋಗಾಲಯ ಕಟ್ಟಿದರು. ಒಳಗೆ ಬರುವ ಗಾಳಿಯನ್ನು ಸೋಸುವುದು, ಹೊರಗಿನ ಧೂಳು ನುಗ್ಗದಂತೆ ಒಳಗಿನ ಗಾಳಿಯ ಒತ್ತಡ ಹೆಚ್ಚಿಡುವುದು, ಪಾತ್ರೆಗಳನ್ನು ಆಸಿಡ್ಡಿನಲ್ಲಿ ಮತ್ತೆ ಮತ್ತೆ ತೊಳೆಯುವುದು, ಕೊಂಡುತಂದ ರಾಸಾಯನಿಕಗಳನ್ನು ತಾವೇ ಮತ್ತೆ ಶುದ್ಧ ಮಾಡುವುದು. ಈಗ ಚಿಪ್ ಕಾರ್ಖಾನೆಗಳಲ್ಲಿ ಕಾಣುವಂಥ ಸ್ವಚ್ಛ ಕೋಣೆಯನ್ನು ಆ ಕಾಲದಲ್ಲೇ ಸೀಸಕ್ಕಾಗಿ ಮಾಡಿಕೊಂಡಿದ್ದರು.

1953ರಲ್ಲಿ ಶುದ್ಧ ಮಾಡಿದ ಉಲ್ಕೆಯ ಸೀಸವನ್ನು ಷಿಕಾಗೋ ಹತ್ತಿರದ ಆರ್ಗಾನ್ ಪ್ರಯೋಗಾಲಯದ ಮಾಸ್ ಸ್ಪೆಕ್ಟ್ರೋಮೀಟರಿಗೆ ತೆಗೆದುಕೊಂಡು ಹೋದರು. ಸಂಖ್ಯೆ ಬಂತು. ಅಲ್ಲಿಂದ ಅಯೋವಾದಲ್ಲಿದ್ದ ಅಪ್ಪ ಅಮ್ಮನ ಮನೆಗೆ ಹೋದ ಪ್ಯಾಟರ್ಸನ್, ಎದೆ ಎಷ್ಟು ಹೊಡೆದುಕೊಳ್ಳುತ್ತಿತ್ತೆಂದರೆ ಹಾರ್ಟ್ ಅಟ್ಯಾಕ್ ಆಗುತ್ತಿದೆ, ಆಸ್ಪತ್ರೆಗೆ ಕರೆದುಕೊಂಡು ಹೋಗು ಎಂದು ತಾಯಿಗೆ ಹೇಳಿದರಂತೆ. ಭೂಮಿಯ ವಯಸ್ಸು ಗೊತ್ತಿದ್ದ ಒಬ್ಬನೇ ಮನುಷ್ಯ ಅವತ್ತು ಅವರು. ಮುಂದೆ ಬೇರೆ ಉಲ್ಕೆಗಳ ಸೀಸವನ್ನೂ ಸಮುದ್ರದ ತಳದ ಕೆಸರಿನ ಸೀಸವನ್ನೂ ಸೇರಿಸಿ, ಎಲ್ಲವೂ ಒಂದೇ ಗೆರೆಯ ಮೇಲೆ ಕೂರುತ್ತವೆ ಎಂದು 1956ರಲ್ಲಿ ಪ್ರಕಟಿಸಿದರು. 70 ವರ್ಷ ಆಯಿತು, ಯಂತ್ರಗಳೆಲ್ಲ ಬದಲಾದವು, ಆ ಸಂಖ್ಯೆ ಮಾತ್ರ ಅವರು ಕೊಟ್ಟ ಹೆಚ್ಚುಕಡಿಮೆಯೊಳಗೇ ಇದೆ.

ಇಲ್ಲಿಗೆ ನಿಲ್ಲಿಸಿದ್ದರೂ ಹೆಸರು ಉಳಿಯುತ್ತಿತ್ತು. ಆದರೆ ಒಂದು ಪ್ರಶ್ನೆ ಉಳಿದಿತ್ತು. ಪ್ರಯೋಗಾಲಯವನ್ನು ಕಾಡಿದ ಅಷ್ಟೊಂದು ಸೀಸ ಬಂದದ್ದಾದರೂ ಎಲ್ಲಿಂದ?

ಅವರು ಸಮುದ್ರಕ್ಕೆ ಹೋದರು. ಜತೆಗಾರರೊಂದಿಗೆ ಬೇರೆ ಬೇರೆ ಆಳದ ನೀರನ್ನು ಅಳೆದಾಗ, ಮೇಲ್ಮೈಯ ನೀರಿನಲ್ಲಿ ಆಳದ ನೀರಿಗಿಂತ ಹಲವು ಪಟ್ಟು ಹೆಚ್ಚು ಸೀಸ ಕಂಡಿತು. ಮೇಲಿನ ನೀರು ಆಳಕ್ಕೆ ಬೆರೆಯಲು ನೂರಾರು ವರ್ಷ ಬೇಕು. ಹಾಗಾದರೆ ಮೇಲಿನ ಸೀಸ ಇತ್ತೀಚೆಗೆ ಬಿದ್ದದ್ದು, ಗಾಳಿಯಿಂದ ಬಿದ್ದದ್ದು. ಒಂದೊಂದು ಗಣಿಯ ಸೀಸದಲ್ಲೂ ಸಮಸ್ಥಾನಿಗಳ ಪ್ರಮಾಣ ಬೇರೆ ಬೇರೆ ಇರುವುದರಿಂದ ಅದು ಬೆರಳಚ್ಚಿನ ಹಾಗೆ ಕೆಲಸ ಮಾಡುತ್ತದೆ. ಪ್ಯಾಟರ್ಸನ್ ಜತೆ ದುಡಿದಿದ್ದ ತ್ಸೈಹ್ವಾ ಚೌ ಮುಂತಾದವರು 1965ರಲ್ಲಿ ಲಾಸ್ ಏಂಜಲೀಸಿನ ಗಾಳಿಯ ಸೀಸವನ್ನು ಅಲ್ಲಿನ ಪೆಟ್ರೋಲಿನ ಸೀಸದ ಜತೆ ಹೋಲಿಸಿದಾಗ ಅಚ್ಚು ಹೊಂದಿಕೆಯಾಯಿತು.

ಪೆಟ್ರೋಲಿಗೆ ಸೀಸ ಹಾಕಿದ್ದು ಯಾಕೆ ಎಂದು ನೀವು ಕೇಳಬಹುದು. 1921ರಲ್ಲಿ ಜನರಲ್ ಮೋಟರ್ಸಿನ ಥಾಮಸ್ ಮಿಡ್‌ಗ್ಲೇ ಎಂಬ ಎಂಜಿನಿಯರ್, ಟೆಟ್ರಾಈಥೈಲ್ ಲೆಡ್ ಎಂಬ ಸೀಸದ ದ್ರವವನ್ನು ಸ್ವಲ್ಪ ಬೆರೆಸಿದರೆ ಎಂಜಿನ್ ಟಕಟಕ ಬಡಿದುಕೊಳ್ಳುವುದು ನಿಲ್ಲುತ್ತದೆ ಎಂದು ಕಂಡುಹಿಡಿದರು. ಅಗ್ಗದ ಉಪಾಯ, ಪೇಟೆಂಟ್ ಕೂಡ ಸಿಗುತ್ತದೆ. ಮಾರಾಟಕ್ಕೆ ಇಟ್ಟ ಹೆಸರು 'ಈಥೈಲ್'. ಸೀಸ ಎಂಬ ಪದವೇ ಇಲ್ಲ! ಬ್ರ್ಯಾಂಡಿಂಗ್ ಪಾಠದಲ್ಲಿ ಒಳ್ಳೆಯ ಹೆಸರು ಚಿಕ್ಕದಾಗಿ, ನೆನಪಿನಲ್ಲಿ ಉಳಿಯುವಂತೆ ಇರಬೇಕು ಎಂದು ಓದಿದ್ದೇವೆ. ಅದು ಏನನ್ನು ಮುಚ್ಚಿಡುತ್ತದೆ ಎನ್ನುವುದು ಪಾಠದಲ್ಲಿ ಇಲ್ಲ. 1924ರಲ್ಲಿ ನ್ಯೂಜೆರ್ಸಿಯ ಒಂದು ಘಟಕದಲ್ಲಿ ಇದನ್ನು ತಯಾರಿಸುತ್ತಿದ್ದ ಐವರು ಕಾರ್ಮಿಕರು ಮತಿಭ್ರಮೆಯಾಗಿ ಸತ್ತರು. ಆಗ ಮಿಡ್‌ಗ್ಲೇ ಪತ್ರಕರ್ತರ ಮುಂದೆ ಆ ದ್ರವವನ್ನು ಕೈಗೆ ಸುರಿದುಕೊಂಡು, ಮೂಸಿ ತೋರಿಸಿದರು. ಅದಕ್ಕೂ ಹಿಂದಿನ ವರ್ಷವೇ ಅವರು ಸೀಸದ ವಿಷದಿಂದ ಬಳಲಿ ರಜೆ ಹಾಕಿ ಫ್ಲೋರಿಡಾಕ್ಕೆ ಹೋಗಿದ್ದರು ಎನ್ನುವುದನ್ನು ಮಾತ್ರ ಹೇಳಲಿಲ್ಲ.

ನಂತರದ 40 ವರ್ಷ ಈ ವ್ಯಾಪಾರದ ಪರ ನಿಂತದ್ದು ರಾಬರ್ಟ್ ಕೀಹೋ ಎಂಬ ವೈದ್ಯರು. ಅವರು ಮೂರ್ಖರಲ್ಲ, ಸುಳ್ಳು ಅಂಕಿ ಬರೆದವರೂ ಅಲ್ಲ. ಅವರ ಪ್ರಯೋಗಾಲಯ ಇದ್ದದ್ದು ಸಿನ್ಸಿನಾಟಿ ವಿಶ್ವವಿದ್ಯಾಲಯದಲ್ಲಿ, ಅದಕ್ಕೆ ಹಣ ಬರುತ್ತಿದ್ದದ್ದು ಇದೇ ಉದ್ಯಮದಿಂದ. ಅವರ ವಾದ ಹೀಗಿತ್ತು: ಕಾರ್ಖಾನೆಯವರ ರಕ್ತದಲ್ಲಿ ಸೀಸ ಇದೆ, ನಿಜ. ಆದರೆ ಕಾರ್ಖಾನೆಗೆ ಹೋಗದವರಲ್ಲೂ ಇದೆ. ಮೋಟಾರು ಅಷ್ಟಾಗಿ ಕಾಣದ ಮೆಕ್ಸಿಕೊದ ಹಳ್ಳಿಯವರಲ್ಲೂ ಇದೆ. ಎಲ್ಲರಲ್ಲೂ ಇರುವುದು ಅಂದರೆ ಅದು ಸಹಜವೇ. ನೂರು ಮಿಲಿಲೀಟರ್ ರಕ್ತದಲ್ಲಿ 80 ಮೈಕ್ರೋಗ್ರಾಂ ದಾಟುವವರೆಗೆ ಭಯವಿಲ್ಲ. ಹಾನಿ ಇದೆ ಎನ್ನುವವರು ಸಾಬೀತು ಮಾಡಲಿ. ಆ ಹಳ್ಳಿಯವರು ಅಡುಗೆ ಮಾಡುತ್ತಿದ್ದದ್ದು ಸೀಸದ ಹೊಳಪು ಬಳಿದ ಮಡಕೆಗಳಲ್ಲಿ ಎನ್ನುವುದು ಆ ವಾದದಲ್ಲಿ ಲೆಕ್ಕಕ್ಕೆ ಬರಲಿಲ್ಲ.

1965ರಲ್ಲಿ ಪ್ಯಾಟರ್ಸನ್ ಒಂದು ಲೇಖನ ಬರೆದರು. ಅದರ ತಿರುಳು ನನಗೆ ನೇರವಾಗಿ ಅಕೌಂಟೆನ್ಸಿ ಎನಿಸಿತು. ಸಾಮಾನ್ಯವಾಗಿ ಎಲ್ಲರಲ್ಲೂ ಕಾಣುವುದು ಬೇರೆ, ಪ್ರಕೃತಿ ಇಟ್ಟದ್ದು ಬೇರೆ ಎಂದರು. ನೀವು ನೋಡುತ್ತಿರುವುದು ಎಲ್ಲರ ಅಂತಿಮ ಶಿಲ್ಕನ್ನು. ಎಲ್ಲರ ಖಾತೆಗೂ ಅದೇ ಕಡೆಯಿಂದ ಜಮೆಯಾಗುತ್ತಿದ್ದರೆ ಎಲ್ಲರ ಶಿಲ್ಕೂ ಒಂದೇ ಥರ ಕಾಣುತ್ತದೆ, ಒಬ್ಬರಿಗೂ ಅನುಮಾನ ಬರುವುದಿಲ್ಲ. ಆರಂಭಿಕ ಶಿಲ್ಕು ಎಷ್ಟಿತ್ತು ಎಂದು ಕೇಳಿದವರು ಯಾರು? ತಮ್ಮ ಅಂದಾಜಿನಲ್ಲಿ ಅಮೆರಿಕನ್ನರ ದೇಹದಲ್ಲಿ ಇರಬೇಕಾದದ್ದರ 100 ಪಟ್ಟು ಸೀಸ ಇದೆ ಎಂದರು. ಆ ಲೇಖನ ಅಚ್ಚಾಗುವ ಮೊದಲು ಅದನ್ನು ಪರಿಶೀಲಿಸಿದವರಲ್ಲಿ ಕೀಹೋ ಕೂಡ ಒಬ್ಬರು. ಅಚ್ಚಾಗಲಿ, ಆಮೇಲೆ ಇವರನ್ನು ನೋಡಿಕೊಳ್ಳೋಣ ಎಂಬ ಧಾಟಿಯಲ್ಲಿ ಒಪ್ಪಿಗೆ ಕೊಟ್ಟರು.

ನೋಡಿಕೊಂಡರು ಕೂಡ. ಪ್ಯಾಟರ್ಸನ್ ಅವರ ಸಮುದ್ರದ ಸಂಶೋಧನೆಗೆ ಹಣ ಕೊಡುತ್ತಿದ್ದದ್ದು ಅಮೆರಿಕದ ಪೆಟ್ರೋಲಿಯಂ ಸಂಸ್ಥೆಯೇ. ಅದು ನಿಂತಿತು. ಸಾರ್ವಜನಿಕ ಆರೋಗ್ಯ ಇಲಾಖೆಯ ಗುತ್ತಿಗೆಯೂ ನವೀಕರಣವಾಗಲಿಲ್ಲ. 1971ರಲ್ಲಿ ಗಾಳಿಯ ಸೀಸದ ಬಗ್ಗೆ ರಾಷ್ಟ್ರೀಯ ಸಂಶೋಧನಾ ಮಂಡಳಿ ಒಂದು ಸಮಿತಿ ಮಾಡಿದಾಗ, ಆ ವಿಷಯ ಅತಿ ಹೆಚ್ಚು ಬಲ್ಲ ಇವರನ್ನೇ ಹೊರಗಿಟ್ಟಿತು.

ಇಲ್ಲಿ ನನ್ನ ಮಾಮುವಿನ ವಿಷಯ ಬರುತ್ತದೆ. ಮಾಮು ಆಟೋ, ಇನ್ವರ್ಟರ್ ಬ್ಯಾಟರಿ ಮಾರುತ್ತಾರೆ, ರಿಪೇರಿ ಮಾಡುತ್ತಾರೆ. ಹಳೆಯ ಬ್ಯಾಟರಿಯ ಒಳಗಿನ ಪ್ಲೇಟುಗಳೆಲ್ಲ ಸೀಸ. ಮುರಿದ ಟರ್ಮಿನಲ್ಲನ್ನು ಹೊಸದಾಗಿ ಎರೆಯಲು ಸ್ವಲ್ಪ ಸೀಸವನ್ನು ಮನೆಯ ಹಿತ್ತಲಿನ ಒಲೆಯಲ್ಲಿ ಕರಗಿಸುತ್ತಿದ್ದರು. ಉಳಿದದ್ದು ಗುಜರಿಗೆ ಹೋಗುತ್ತಿತ್ತು. ನಾನು ಫಸ್ಟ್ ಪಿಯುಸಿಯಿಂದ ಅವರ ಲೆಕ್ಕ ಬರೆಯುತ್ತೇನೆ. 'ಹಳೆ ಸೀಸ ಮಾರಾಟ' ಎಂದು ಆದಾಯದ ಕಡೆ ಒಂದು ಸಾಲು ಪ್ರತಿ ತಿಂಗಳೂ ಇರುತ್ತದೆ. ಒಲೆಯ ಪಕ್ಕದ ಮಣ್ಣಿನಲ್ಲಿ ಅವರ ಐದು ವರ್ಷದ ಮಗ ಆಟದ ಕಾರು ಓಡಿಸುತ್ತಿರುತ್ತಾನೆ. ಮಾಮುವಿನ ಕೆಲಸದ ಬಟ್ಟೆ, ಅವನ ಬಟ್ಟೆ ಒಂದೇ ಬಕೆಟ್ಟಿನಲ್ಲಿ ನೆನೆಯುತ್ತವೆ.

ನಾನು ಓದಿದ್ದನ್ನು ಮಾಮುವಿಗೆ ಹೇಳಿದೆ. ಮಾತು ನಡೆದದ್ದು ಉರ್ದುವಿನಲ್ಲಿ, ಕನ್ನಡದಲ್ಲಿ ಬರೆಯುತ್ತಿದ್ದೇನೆ. "ಬೇಟಾ, ಇಪ್ಪತ್ತು ವರ್ಷದಿಂದ ಇದೇ ಕೆಲಸ ಮಾಡ್ತಿದ್ದೀನಿ. ನನಗೇನಾಗಿದೆ? ಈ ಲೈನಲ್ಲಿ ಇರೋರೆಲ್ಲ ಹೀಗೇ ಮಾಡೋದು" ಎಂದರು. ಕೋಪದಿಂದಲ್ಲ, ನಗುತ್ತಲೇ. ನನಗೆ ಕೀಹೋ ನೆನಪಾದರು. ಮಾಮು ಕೀಹೋ ಅವರ ಹೆಸರು ಕೇಳಿದವರಲ್ಲ, ಯಾವ ಕಂಪನಿಯೂ ಅವರಿಗೆ ಹಣ ಕೊಟ್ಟಿಲ್ಲ. ಎಲ್ಲರೂ ಮಾಡುತ್ತಾರೆ, ಎಲ್ಲರಲ್ಲೂ ಇದೆ, ಹಾಗಾಗಿ ಸರಿ ಎನ್ನುವ ವಾದಕ್ಕೆ ಕಂಪನಿ ಬೇಕಾಗಿಲ್ಲ.

ಈ ವಾದಕ್ಕೆ ಪ್ಯಾಟರ್ಸನ್ ಮಾತಿನಲ್ಲಿ ಉತ್ತರ ಕೊಡುತ್ತಾ ಕೂರಲಿಲ್ಲ. ಆರಂಭಿಕ ಶಿಲ್ಕನ್ನು ಹುಡುಕಲು ಹೋದರು. ಭೂಮಿಗೆ ಉಲ್ಕೆ ಸಿಕ್ಕಿತ್ತು, ಈ ಸಲ ಹಿಮ. ಗ್ರೀನ್‌ಲ್ಯಾಂಡಿನಲ್ಲಿ ವರ್ಷ ವರ್ಷ ಬಿದ್ದ ಹಿಮ ಪದರ ಪದರವಾಗಿ ಕೂತಿದೆ, ನಮ್ಮ ದಿನವಹಿಯ ಪುಟಗಳ ಹಾಗೆ. ಹಳೆಯ ಪುಟ ಬೇಕಾದರೆ ಆಳಕ್ಕೆ ಇಳಿಯಬೇಕು. ಮೈಪೂರ್ತಿ ಪ್ಲಾಸ್ಟಿಕ್ ಉಡುಪು ಹಾಕಿಕೊಂಡು, ಆಸಿಡ್ಡಿನಲ್ಲಿ ತೊಳೆದ ಪಾತ್ರೆಗಳಲ್ಲಿ ಅವರ ತಂಡ ಆ ಹಿಮವನ್ನು ತಂದಿತು. ಮುರೊಜುಮಿ, ಚೌ ಮತ್ತು ಪ್ಯಾಟರ್ಸನ್ ಸೇರಿ 1969ರಲ್ಲಿ ಪ್ರಕಟಿಸಿದ ಪ್ರಕಾರ, ಕ್ರಿಸ್ತಪೂರ್ವ 800ರ ಹಿಮದಿಂದ 1965ರ ಹಿಮಕ್ಕೆ ಬರುವಷ್ಟರಲ್ಲಿ ಸೀಸ 200 ಪಟ್ಟಿಗಿಂತ ಹೆಚ್ಚಾಗಿತ್ತು. ಅತಿ ಕಡಿದಾದ ಏರಿಕೆ 1940ರ ನಂತರದ್ದು. ಅಂಟಾರ್ಕ್ಟಿಕಾದ ಹಿಮದಲ್ಲಿ ಅದಕ್ಕಿಂತ ಬಹಳ ಕಡಿಮೆ. ಕಾರುಗಳೆಲ್ಲ ಹೆಚ್ಚಾಗಿ ಇದ್ದದ್ದು ಉತ್ತರಾರ್ಧ ಗೋಳದಲ್ಲಿ ತಾನೇ.

ಮನುಷ್ಯನ ಮೂಳೆಯ ಆರಂಭಿಕ ಶಿಲ್ಕು ಸಿಕ್ಕಿದ್ದು ಪೆರು ದೇಶದಲ್ಲಿ, ಸುಮಾರು 1,600 ವರ್ಷ ಹಳೆಯ ಅಸ್ಥಿಪಂಜರಗಳಲ್ಲಿ. ಅವುಗಳ ಜತೆ ಹೋಲಿಸಿದರೆ ಇಂದಿನವರ ಮೂಳೆಯ ಸೀಸ ನೂರಾರು ಪಟ್ಟು ಹೆಚ್ಚು. ಅಂದರೆ 1965ರ 100 ಪಟ್ಟಿನ ಅಂದಾಜು ಕಡಿಮೆಯಾಗಿತ್ತು!

ನನಗೆ ಅತಿ ಹಿಡಿಸಿದ್ದು ಮೀನಿನ ಕಥೆ. ಡಬ್ಬಿಯಲ್ಲಿ ಬರುವ ಟ್ಯೂನಾ ಮೀನಿನ ಸೀಸವನ್ನು ಪ್ಯಾಟರ್ಸನ್ ಮತ್ತು ಅವರ ಸಹಾಯಕಿ ಡೊರೊಥಿ ಸೆಟ್ಲ್ 1980ರಲ್ಲಿ ಅಳೆದು ಪ್ರಕಟಿಸಿದರು. ಸೀಸದ ಬೆಸುಗೆ ಹಾಕಿದ ಡಬ್ಬಿಯ ಮೀನಿನಲ್ಲಿ ತಾಜಾ ಮೀನಿನದಕ್ಕಿಂತ ಸಾವಿರಾರು ಪಟ್ಟು ಸೀಸ ಇತ್ತು. ಅಷ್ಟೇ ಅಲ್ಲ, ತಾಜಾ ಮೀನಿನಲ್ಲಿ ಇಷ್ಟಿದೆ ಎಂದು ಸರ್ಕಾರಿ ಪ್ರಯೋಗಾಲಯ ಹೇಳುತ್ತಿದ್ದ ಸಂಖ್ಯೆಯೇ ವಿಪರೀತ ಹೆಚ್ಚು. ಅವರು ಮೀನನ್ನು ಅಳೆದಿರಲಿಲ್ಲ, ತಮ್ಮ ಕೋಣೆಯ ಧೂಳನ್ನು ಅಳೆದಿದ್ದರು. ತಾಜಾ ಮೀನಿನಲ್ಲೇ ಅಷ್ಟಿದೆ ಎಂದ ಮೇಲೆ ಡಬ್ಬಿಯ ಮೇಲೆ ಯಾರಿಗೆ ಅನುಮಾನ ಬರಬೇಕು? ನಾನಿಯ ಪಾಸಂಗ್ ಮಾತು ಇಲ್ಲಿಗೂ ಹೊಂದುತ್ತದೆ.

ಅಮೆರಿಕದಲ್ಲಿ ಬದಲಾವಣೆ ಬಂದದ್ದು ಪ್ಯಾಟರ್ಸನ್ ಒಬ್ಬರಿಂದಲೇ ಎಂದರೆ ತಪ್ಪಾಗುತ್ತದೆ. ಮಕ್ಕಳ ವೈದ್ಯರು ಹೋರಾಡಿದರು. ಹೊಗೆ ಶುದ್ಧ ಮಾಡುವ ಕೆಟಲಿಟಿಕ್ ಕನ್ವರ್ಟರ್ 1975ರಿಂದ ಕಾರುಗಳಿಗೆ ಬಂತು, ಸೀಸ ಬಿದ್ದರೆ ಅದು ಕೆಡುತ್ತದೆ. ಮಕ್ಕಳ ಮೆದುಳು ಕೆಡುವುದಕ್ಕಿಂತ ಕಾರಿನ ಬಿಡಿಭಾಗ ಕೆಡುವುದು ಕಂಪನಿಗಳಿಗೆ ಬೇಗ ಅರ್ಥವಾಯಿತು ಎಂದು ನನಗನ್ನಿಸುತ್ತದೆ. ಏನೇ ಇರಲಿ, ಪೆಟ್ರೋಲಿನಲ್ಲಿ ಸೀಸ ಕಡಿಮೆಯಾದಂತೆ 1970ರ ದಶಕದ ಕೊನೆಯಿಂದ 1991ರೊಳಗೆ ಅಮೆರಿಕನ್ನರ ರಕ್ತದ ಸೀಸ ಮುಕ್ಕಾಲು ಪಾಲು ಇಳಿಯಿತು. ರಸ್ತೆಯ ವಾಹನಗಳಿಗೆ ಅಲ್ಲಿ ಪೂರ್ತಿ ನಿಷೇಧ ಬಂದದ್ದು 1996ರ ಜನವರಿ 1ರಂದು. ಪ್ಯಾಟರ್ಸನ್ 1995ರ ಡಿಸೆಂಬರ್ 5ರಂದು ತೀರಿಕೊಂಡಿದ್ದರು.

ನಮ್ಮ ದೇಶದ ಬಂಕುಗಳಲ್ಲಿ ಸೀಸದ ಪೆಟ್ರೋಲ್ ಪೂರ್ತಿ ನಿಂತದ್ದು 2000ರ ಫೆಬ್ರವರಿಯಲ್ಲಿ. ಅದರ ಹಿಂದೆ ಬೆಂಗಳೂರಿನ ಪಾಲೂ ಇದೆ. 1999ರಲ್ಲಿ ಅಲ್ಲಿನ ಜಾರ್ಜ್ ಫೌಂಡೇಶನ್ ದೊಡ್ಡ ನಗರಗಳಲ್ಲಿ ರಕ್ತ ಪರೀಕ್ಷೆ ನಡೆಸಿ, ಅರ್ಧದಷ್ಟು ಮಕ್ಕಳಲ್ಲಿ ಸೀಸ ಮಿತಿ ಮೀರಿದೆ ಎಂದು ತೋರಿಸಿತು. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಪ್ರೊ. ತುಪ್ಪಿಲ್ ವೆಂಕಟೇಶ್ ಆ ಕೆಲಸದಲ್ಲಿದ್ದರು, ಮುಂದೆಯೂ ಸೀಸದ ವಿಷಯ ಬಿಡಲಿಲ್ಲ. ಜಗತ್ತಿನಲ್ಲಿ ಕಾರುಗಳಿಗೆ ಸೀಸದ ಪೆಟ್ರೋಲ್ ಮಾರುತ್ತಿದ್ದ ಕೊನೆಯ ದೇಶ ಅಲ್ಜೀರಿಯಾ. ಅಲ್ಲಿ ನಿಂತದ್ದು 2021ರಲ್ಲಿ. ಮಿಡ್‌ಗ್ಲೇ ಕಂಡುಹಿಡಿದು ಸರಿಯಾಗಿ 100 ವರ್ಷ. ಪೆಟ್ರೋಲಿನದು ಮುಗಿಯಿತು. ಬ್ಯಾಟರಿಯದು ಮುಗಿದಿಲ್ಲ. ಹಳೆ ಬ್ಯಾಟರಿಗಳನ್ನು ನೋಂದಾಯಿತ ಘಟಕಗಳಿಗೇ ಕೊಡಬೇಕು ಎಂಬ ಕಾನೂನು ನಮ್ಮಲ್ಲಿ 2001ರಿಂದ ಇದೆ.

ಇದನ್ನೆಲ್ಲ ನಾನು ಮುಮಾನಿಗೆ ರೊಟ್ಟಿ ತಟ್ಟುವಾಗ ಹೇಳಿದೆ. ಮುಮಾನಿ ಪ್ಯಾಟರ್ಸನ್ ಬಗ್ಗೆ ಏನೂ ಕೇಳಲಿಲ್ಲ. "ಮಕ್ಕಳಿಗೆ ಏನಾಗುತ್ತೆ, ಅದು ಹೇಳು" ಎಂದರು. ಬುದ್ಧಿಯ ಬೆಳವಣಿಗೆ ಕುಂಠಿತವಾಗುತ್ತದೆ, ಹೊರಗೆ ಏನೂ ಕಾಣದೆ ಇರಬಹುದು ಎಂದೆ. ಮರುದಿನ ಹೋದಾಗ ಹಿತ್ತಲಿನ ಒಲೆಯ ಕಲ್ಲುಗಳು ಇರಲಿಲ್ಲ. ಮಾಮುವಿನ ಬಟ್ಟೆಗೆ ಬೇರೆ ಬಕೆಟ್ ಬಂದಿತ್ತು. ಈಗ ಮಾಮು ಟರ್ಮಿನಲ್ಲನ್ನು ಸಿದ್ಧವಾದದ್ದೇ ತರಿಸುತ್ತಾರೆ, ಹಳೆ ಬ್ಯಾಟರಿಯನ್ನು ಒಡೆಯದೆ ರಸೀದಿ ಕೊಡುವ ಡೀಲರಿಗೆ ಕೊಡುತ್ತಾರೆ. ಗುಜರಿಯವನಿಗಿಂತ ಅವನು ಕಡಿಮೆ ರೇಟು ಕೊಡುತ್ತಾನೆ. 'ಹಳೆ ಸೀಸ ಮಾರಾಟ'ದ ಸಾಲು ಪುಸ್ತಕದಲ್ಲಿ ನಿಂತಿದೆ, ಖರೀದಿಯ ಕಡೆ ಹೊಸ ಸಾಲು ಸೇರಿದೆ. ಪ್ರತಿ ತಿಂಗಳು ಲೆಕ್ಕ ಮುಗಿಸುವಾಗ ಮಾಮು ಆ ಎರಡು ಸಾಲನ್ನು ನೋಡಿ, ಆಮೇಲೆ ನನ್ನ ಮುಖ ನೋಡುತ್ತಾರೆ. ನಾನು ಮಾತಾಡದೆ ಮೊತ್ತ ಹಾಕುತ್ತೇನೆ.

ಹುಡುಗನ ರಕ್ತ ಪರೀಕ್ಷೆ ಮಾಡಿಸಿದೆವು. ಸ್ಯಾಂಪಲ್ ಬೆಂಗಳೂರಿಗೆ ಹೋಗಿ ವಾರದ ಮೇಲೆ ರಿಪೋರ್ಟ್ ಬಂತು. 8 ಎಂದಿತ್ತು. ಪಕ್ಕದ ಕಾಲಂನಲ್ಲಿ '10ಕ್ಕಿಂತ ಕಡಿಮೆ: ನಾರ್ಮಲ್' ಎಂದು ಅಚ್ಚಾಗಿತ್ತು. ಮುಮಾನಿ ಆ ನಾರ್ಮಲ್ ಎಂಬ ಪದದ ಮೇಲೆ ಬೆರಳಿಟ್ಟು ಅಲ್ಲಾಹನಿಗೆ ಶುಕ್ರ್ ಎಂದರು. ಮಾಮು "ನಾನು ಹೇಳಿರಲಿಲ್ವಾ" ಎಂದರು.

ಮಕ್ಕಳ ಡಾಕ್ಟರು ಮಾತ್ರ ಆ ಕಾಲಂ ನೋಡಲೇ ಇಲ್ಲ. 1960ರ ದಶಕದಲ್ಲಿ ಅಮೆರಿಕದಲ್ಲಿ 60ರವರೆಗೂ ನಡೆಯುತ್ತದೆ ಎನ್ನುತ್ತಿದ್ದರು, ಆಮೇಲೆ ಇಳಿಸುತ್ತಾ 10 ಮಾಡಿದರು, ಈಗ ಅಲ್ಲಿ ಮೂರೂವರೆಗೇ ಎಚ್ಚರಿಕೆ ಕೊಡುತ್ತಾರೆ ಎಂದರು. 5 ಬಂದರೆ ಸೀಸ ಎಲ್ಲಿಂದ ಬರುತ್ತಿದೆ ಎಂದು ಹುಡುಕಿ ನಿಲ್ಲಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಇಷ್ಟಿದ್ದರೆ ಅಪಾಯವಿಲ್ಲ ಎನ್ನುವ ಮಟ್ಟವೇ ಇಲ್ಲ ಎಂದರು. ಮಾಮು ಸುಮ್ಮನೆ ಕೇಳಿಸಿಕೊಂಡರು. ಔಷಧಿ ಬೇಡ, ಕಬ್ಬಿಣಾಂಶ ಮತ್ತು ಕ್ಯಾಲ್ಸಿಯಂ ಇರುವ ಊಟ ಕೊಡಿ, ಊಟಕ್ಕೆ ಮುಂಚೆ ಕೈ ತೊಳೆಸಿ, ಒಲೆ ಇದ್ದ ಜಾಗದ ಮಣ್ಣನ್ನು ಮುಚ್ಚಿಬಿಡಿ ಎಂದು ಚೀಟಿಯಲ್ಲಿ ಬರೆದುಕೊಟ್ಟರು. ಮಾಮು ಆ ಭಾನುವಾರ ಅಂಗಡಿ ಮುಚ್ಚಿ ಹಿತ್ತಲಿಗೆ ಕಾಂಕ್ರೀಟ್ ಹಾಕಿಸಿದರು. ಅದರ ಬಿಲ್ಲನ್ನು ಯಾವ ಖರ್ಚಿನಲ್ಲಿ ಬರೆಯಲಿ ಎಂದು ಕೇಳಿದಾಗ, ಅಂಗಡಿಯ ಖರ್ಚಿನಲ್ಲೇ ಬರಿ ಎಂದರು. ಮೂರು ತಿಂಗಳ ಮೇಲೆ ಹುಡುಗನ ರಕ್ತ ಮತ್ತೆ ಪರೀಕ್ಷೆ ಮಾಡಿಸಬೇಕು.